ಅಗಸರ ಗುರುತು ಬಿದ್ದ ತುಕ್ಕು

ನಾನು ಒಂದು ಹಿಡಿ ತುಕ್ಕು. ನಿಮ್ಮ ಮನೆಯ ಕಿಟಕಿ ಸರಳಿನ ಮೇಲೆ ಹೇಳದೆ ಕೇಳದೆ ಬಂದು ಕೂರುತ್ತದಲ್ಲ, ಆ ಜಾತಿಯದಲ್ಲ. ನನ್ನನ್ನು ಬೇಕೆಂದೇ ಹುಟ್ಟಿಸಿದರು. ಹುಟ್ಟಿಸಿದವರು ಮಹಿಳಾ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ವಾರಿಜ.

ಹಿಂದಿನ ಜನ್ಮದಲ್ಲಿ ನಾನು ಲೇತ್ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಕಬ್ಬಿಣದ ಸುರುಳಿ. ವಾರಿಜ ಅದನ್ನು ಕೈಚೀಲದಲ್ಲಿ ತಂದು ಆಮ್ಲದಲ್ಲಿ ಕರಗಿಸಿದರು. ಬೆಚ್ಚಗೆ ಮಾಡಿ, ಹಾಲಿಗೆ ಹೆಪ್ಪು ಹಾಕುವಷ್ಟು ಜೋಪಾನವಾಗಿ ಒಂದೊಂದೇ ತೊಟ್ಟು ಅಮೋನಿಯಾ ಬಿಟ್ಟರು. ತಿಳಿಹಳದಿ ನೀರು ಇದ್ದಕ್ಕಿದ್ದಂತೆ ಕಪ್ಪಾಯಿತು. ಆ ಕಪ್ಪೇ ನಾನು. ನಿಮ್ಮ ಒಂದು ತಲೆಗೂದಲನ್ನು ಅಡ್ಡಕ್ಕೆ ಐದು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ನನ್ನ ಒಂದು ಕಣ. ಅಂಥ ಕಣಗಳು ಕೋಟಿ ಕೋಟಿ ಸೇರಿ ಒಂದು ಹಿಡಿ. ಇಷ್ಟು ಸಣ್ಣದಾಗಿದ್ದರಿಂದಲೇ ನನಗೆ ಮೈಯೆಲ್ಲ ಅಂಗೈ.

ಹುಟ್ಟಿದ ಮಗುವನ್ನು ಎತ್ತಿ ಮುದ್ದಾಡುವುದು ಲೋಕರೂಢಿ. ನನ್ನ ತಾಯಿ ಮೊದಲು ಮಾಡಿದ್ದು ಅನುಮಾನಪಟ್ಟದ್ದು. ಪಾತ್ರೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದರು. ನಾನು ಓಡಿ ಹೋಗಿ ಅದರ ಕಡೆಯ ಗೋಡೆಗೆ ಅಂಟಿಕೊಂಡೆ. ಅದಕ್ಕೂ ಅವರು ನಗಲಿಲ್ಲ. ಏಳು ನೀರಿನಲ್ಲಿ ತೊಳೆದರು, ಒಣಗಿಸಿದರು, ತೂಗಿದರು. ಆಮೇಲೆ ಸೋಪಿನ ಪುಡಿ ಕದಡಿದ ನೀರಿನಲ್ಲಿ ನನ್ನನ್ನು ಬಿಟ್ಟು, ಗಡಿಯಾರ ನೋಡುತ್ತ ಕುಳಿತರು.

ಆ ನೀರಿನಲ್ಲಿ ಫಾಸ್ಫೇಟ್ ಇತ್ತು. ನನಗೆ ಅದನ್ನು ಯಾರೂ ಪರಿಚಯ ಮಾಡಿಕೊಡಲಿಲ್ಲ. ಕಂಡೊಡನೆ ಕೈ ಚಾಚಿದೆ, ಹಿಡಿದೆ, ಬಿಡಲಿಲ್ಲ. ಅರ್ಧ ಗಂಟೆಯ ಮೇಲೆ ವಾರಿಜ ಆ ನೀರಿಗೆ ಪರೀಕ್ಷೆಯ ಮದ್ದಿನ ಹನಿ ಹಾಕಿದರು. ಫಾಸ್ಫೇಟ್ ಉಳಿದಿದ್ದರೆ ನೀರು ನೀಲಿಯಾಗುತ್ತದೆ. ನೀಲಿಯಾಗಲಿಲ್ಲ. ಆಗ ಮಾತ್ರ ಅವರ ತುಟಿಯ ತುದಿ ಸ್ವಲ್ಪ ಮೇಲಕ್ಕೆ ಹೋಯಿತು.

ನನ್ನನ್ನು ಇಟ್ಟಿಗೆಯ ಚೂರುಗಳಿಗೆ ಮೆತ್ತಿ, ಒಲೆಯಲ್ಲಿ ಬಿಸಿ ಮಾಡಿ ಗಟ್ಟಿ ಮಾಡಿದರು. ಆ ಶಾಖಕ್ಕೆ ನನ್ನ ಕಪ್ಪು ಮೈ ಕೆಂಪುಗಂದಾಯಿತು. ಕೋರಾ ಬಟ್ಟೆಯ ಹನ್ನೆರಡು ಚೀಲ ಹೊಲಿದು ಅದರಲ್ಲಿ ತುಂಬಿದರು. ಹೀಗೆ ನಾನು ಹನ್ನೆರಡು ಚೀಲವಾಗಿ ಮಾರನಕೆರೆಯ ದೋಬಿಘಾಟಿಗೆ ಬಂದೆ.

ಆ ಕೆರೆ ಎರಡು ವರ್ಷದಿಂದ ಹಸಿರಾಗಿತ್ತು. ನೋಡಿದರೆ ಕಣ್ಣಿಗೆ ತಂಪು ಎನಿಸುವ ಹಸಿರಲ್ಲ, ಬಣ್ಣದ ಡಬ್ಬಿ ಮಗುಚಿದಂಥ ಹಸಿರು. ಪಾಚಿ ಕಟ್ಟಿ, ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೊಸ ಬಡಾವಣೆಯಿಂದ ಬೆಳಗಿನ ವಾಕಿಂಗಿಗೆ ಬರುವವರು ಮೂಗು ಮುಚ್ಚಿಕೊಂಡು, ಇದು ಅಗಸರ ಸೋಪಿನ ಕೆಲಸ ಎಂದು ಅರ್ಜಿ ಬರೆದರು. ಪುರಸಭೆ ತೀರ್ಮಾನ ಮಾಡಿತು. ದೋಬಿಘಾಟಿನಿಂದ ಕೆರೆಗೆ ಹೋಗುವ ಚರಂಡಿಯ ನೀರನ್ನು ತಿಂಗಳಿಗೊಂದು ಬುಧವಾರ ಪರೀಕ್ಷೆ ಮಾಡುವುದು. ಒಟ್ಟು ಮೂರು ಪರೀಕ್ಷೆ. ಎರಡರಲ್ಲಿ ತಪ್ಪಿದರೆ ಘಾಟಿಗೆ ಬೀಗ. ಅದನ್ನು ಕೇಳಿದ ವಾರಿಜ ತಾವಾಗಿಯೇ ನನ್ನನ್ನು ಹೊತ್ತುಕೊಂಡು ಬಂದಿದ್ದರು.

ಘಾಟಿನಲ್ಲಿ ಹದಿಮೂರು ಮನೆಯವರು ಒಗೆಯುತ್ತಿದ್ದರು. ಅವರಿಗೆಲ್ಲ ಹಿರಿಯಳು ಹೊಂಬಾಳಮ್ಮ. ಐವತ್ತೆಂಟು ವರ್ಷ, ಸೋಡಾ ನೀರಿಗೆ ಸವೆದು ಹೋದ ಬೆರಳ ತುದಿಗಳು. ಅವಳ ಒಗೆಯುವ ಕಲ್ಲು ಅವಳ ಅತ್ತೆಯದು, ಅದಕ್ಕೂ ಮುಂಚೆ ಅತ್ತೆಯ ಅತ್ತೆಯದು. ಘಾಟಿಗೆ ಬೀಗ ಬಿದ್ದರೆ ಆ ಕಲ್ಲನ್ನು ಎತ್ತಿಕೊಂಡು ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಹೊಂಬಾಳಮ್ಮ ಮೊದಲು ವಾರಿಜರ ಮುಖ ನೋಡಲಿಲ್ಲ, ಅವರ ಸೀರೆಯ ಸೆರಗು ನೋಡಿದಳು. ಏನೋ ಗೊತ್ತಾದವಳಂತೆ ತಲೆಯಾಡಿಸಿದಳು. ಆಮೇಲೆ ಚೀಲದ ಬಾಯಿ ಬಿಚ್ಚಿ ಒಳಗೆ ಇಣುಕಿದಳು. ಹಾವು ಕಂಡವಳಂತೆ ಹಿಂದೆ ಸರಿದಳು.

"ಅಯ್ಯೋ ಶಿವನೇ! ಇದು ತುಕ್ಕು ಕಣ್ ಮೇಡಮ್ಮೋರೆ!"

"ಹೌದಮ್ಮ, ಒಂಥರಾ ತುಕ್ಕೇ. ನೀರಲ್ಲಿರೋ ಸೋಪಿನ ಫಾಸ್ಫೇಟನ್ನ ಹಿಡ್ಕೊಳ್ಳುತ್ತೆ. ಅದನ್ನ ತಿಂದೇ ಕೆರೇಲಿ ಪಾಚಿ ಬೆಳೆಯೋದು."

"ಎಣ್ಣೆ ಕಲೆ ಹೋಯ್ತದೆ. ರಕ್ತದ ಕಲೆ ಹೋಯ್ತದೆ. ತುಕ್ಕಿನ ಕಲೆ ಹಿಡೀತು ಅಂದ್ರೆ ಗಿರಾಕೀನೇ ಹೋಯ್ತಾನೆ. ಅಗಸರ ಘಾಟಿಗೆ ತುಕ್ಕು ತರೋದು ಒಂದೇ, ಹಾಲಿನ ಡೈರಿಗೆ ಹುಣಸೆಹಣ್ಣು ತರೋದು ಒಂದೇ."

ಪಕ್ಕದ ಕಲ್ಲಿನಲ್ಲಿ ಜಮಖಾನ ಬಡಿಯುತ್ತಿದ್ದ ರಂಗಸ್ವಾಮಿ, ಅವಳ ನಾದಿನಿಯ ಗಂಡ, ಕೈ ನಿಲ್ಲಿಸದೆಯೇ ಹೇಳಿದ. "ಇರ್ಲಿ ಬಿಡಕ್ಕ. ನಿನ್ ಮೈದುನನ ಸೈಕಲ್ಲೇ ಘಾಟಿಗೆ ಬತ್ತದೆ. ಅದಕ್ಕಿಂತ ತುಕ್ಕಾ ಇದು?"

ಎಲ್ಲರೂ ನಕ್ಕರು. ಹೊಂಬಾಳಮ್ಮ ನಗಲಿಲ್ಲ. ಚೀಲ ಇಡುವುದನ್ನು ನೋಡಲು ಬಂದಿದ್ದ ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಪರಮಶಿವಯ್ಯನವರೂ ನಗಲಿಲ್ಲ. ಅವರು ವಾರಿಜರನ್ನು ಪಕ್ಕಕ್ಕೆ ಕರೆದು, ಎಲ್ಲರಿಗೂ ಕೇಳುವಂತೆ ಗುಟ್ಟು ಹೇಳಿದರು. "ನೀವು ಓದಿದವರು, ಒಳ್ಳೆಯವರು. ಇವರನ್ನ ನಂಬಿ ಕೆಡಬೇಡಿ. ನೀವು ಆ ಕಡೆ ಹೋದ್ರೆ ಇವರು ಈ ಕಡೆ ಚೀಲ ಎತ್ತಿ ಬಿಸಾಡ್ತಾರೆ."

ವಾರಿಜ ಅದನ್ನು ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಹೋಗುವಾಗ ಮಾತ್ರ ಗಟ್ಟಿಯಾಗಿ, "ಈ ಚೀಲಗಳನ್ನ ಯಾರೂ ಮುಟ್ಟಬಾರದು" ಎಂದರು. ಯಾಕೆಂದು ಹೇಳಲಿಲ್ಲ.

ಚರಂಡಿಯ ತುದಿಯಲ್ಲಿ, ಕೆರೆಗೆ ನಾಲ್ಕು ಮಾರು ಈಚೆ, ನನ್ನನ್ನು ಸಾಲಾಗಿ ಕೂರಿಸಿದರು. ಅಲ್ಲಿಂದ ನನಗೆ ಕಾಣುತ್ತಿದ್ದುದು ಜನರ ಪಾದಗಳು, ಒದ್ದೆ ಸೀರೆಯ ಅಂಚುಗಳು, ಹಗ್ಗದ ಮೇಲೆ ಲಾಡ್ಜಿನ ಬಿಳಿ ಹೊದಿಕೆಗಳ ಕೆಳತುದಿ. ಹೊಂಬಾಳಮ್ಮನ ಪಾದಗಳು ದಿನಕ್ಕೆ ಹತ್ತು ಸಲ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದವು. ತುಕ್ಕಿನ ಬಣ್ಣ ಮೇಲಕ್ಕೆ ಹತ್ತುತ್ತಿದೆಯೇ ಎಂದು ಅವಳು ನೋಡುತ್ತಿದ್ದಳು. ಇವಳು ನನಗೆ ಏನು ಮಾಡುವಳೋ ಎಂದು ನಾನು ನೋಡುತ್ತಿದ್ದೆ. ಸಣ್ಣವರಿಗೆ ಅನುಮಾನ ಸ್ವಲ್ಪ ಹೆಚ್ಚು.

ಮೊದಲ ಬುಧವಾರ ಪರಮಶಿವಯ್ಯ ಬಂದರು. ನಾನು ಕೂತಿದ್ದ ಜಾಗ ದಾಟಿ ಹರಿದ ನೀರನ್ನು ಗಾಜಿನ ಶೀಶೆಯಲ್ಲಿ ಹಿಡಿದರು. ಮದ್ದು ಹಾಕಿ ಎತ್ತಿ ಹಿಡಿದು, ಪಕ್ಕದಲ್ಲಿ ಐದು ನೀಲಿಗಳಿರುವ ಕಾರ್ಡು ಇಟ್ಟುಕೊಂಡು ಹೋಲಿಸಿದರು. ಮೂರನೆಯ ನೀಲಿ ದಾಟಿದರೆ ತಪ್ಪು. ನೀರು ಮೊದಲನೆಯ ನೀಲಿಯಲ್ಲೇ ನಿಂತಿತು.

"ನಮ್ ಬಟ್ಟೆಗೆ ನೀಲಿ ಏರಿದಷ್ಟೂ ಚೆಂದ, ಇವರ ನೀರಿಗೆ ನೀಲಿ ಏರಿದಷ್ಟೂ ಕೇಡು" ಎಂದು ರಂಗಸ್ವಾಮಿ ಉಸಿರುಬಿಟ್ಟ.

ಗೆದ್ದೆವೆಂದು ಎಲ್ಲರೂ ಹಗುರಾದರು. ಪರಮಶಿವಯ್ಯನವರಿಗೆ ಮಾತ್ರ ಏನೋ ಹೇಳಬೇಕಾಗಿತ್ತು. ಅಷ್ಟು ಹೊತ್ತಿಗೆ ನನ್ನ ಚೀಲಗಳು ಸೋಪಿನ ಜಿಡ್ಡು, ಬಟ್ಟೆಯ ನೂಲು, ಕೆಸರು ಎಲ್ಲ ಮೆತ್ತಿಕೊಂಡು ನೋಡಲು ಅಸಹ್ಯವಾಗಿದ್ದವು. ಅವರು ಶೂ ತುದಿಯಿಂದ ಒಂದನ್ನು ತಿವಿದರು.

"ಥೂ. ಅಗಸರ ಘಾಟಲ್ಲಿ ಇಂಥ ಕೊಳಕು ಬಟ್ಟೆ. ಊರಿನ ಬಟ್ಟೆ ಒಗೀತಾರಂತೆ!"

ನಾನು ಹೊಂಬಾಳಮ್ಮನ ಪಾದಗಳನ್ನು ನೋಡಿದೆ. ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದಿತ್ತು. ಬೀಗ ಹಾಕುತ್ತೇವೆ ಎಂದಾಗಲೂ ಅವಳು ಅಷ್ಟು ನೊಂದಿರಲಿಲ್ಲ.

ಆ ಮಾತು ತಿಂಗಳಿಡೀ ಅವಳೊಳಗೆ ಕೂತಿತ್ತು. ಎರಡನೆಯ ಬುಧವಾರ, ಪರೀಕ್ಷೆಯ ದಿನ, ಬೆಳಕು ಹರಿಯುವ ಹೊತ್ತಿಗೆ ಒಬ್ಬಳೇ ಬಂದಳು. ಹನ್ನೆರಡು ಚೀಲವನ್ನೂ ಚರಂಡಿಯಿಂದ ಎತ್ತಿದಳು. ಕರಿಗೇರಿನ ಬೀಜ ಚುಚ್ಚಿ, ಅದರ ಕಪ್ಪು ರಸದಲ್ಲಿ ಕಡ್ಡಿ ಅದ್ದಿ, ಪ್ರತಿ ಚೀಲದ ಮೂಲೆಗೂ ಮೂರು ಚುಕ್ಕಿ, ಒಂದು ಗೀಟು ಇಟ್ಟಳು. ಆಮೇಲೆ ಒಗೆಯುವ ಸೋಡಾ ಕದಡಿದ ಬಿಸಿನೀರಿನ ಹಂಡೆಗೆ ಒಂದೊಂದಾಗಿ ಇಳಿಸಿದಳು. ಬಟ್ಟೆಯನ್ನು ಹೀಗೆ ಸೋಡಾದಲ್ಲಿ ಬೇಯಿಸುವುದಕ್ಕೆ ಅವರು ಉಬ್ಬೆ ಎನ್ನುತ್ತಾರೆ.

ನನಗೆ ಅದು ಕೊಲೆಯೆಂದೇ ಅನಿಸಿತು. ಆ ಸೋಡಾ ನೀರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು. ತಿಂಗಳಿಡೀ ಹಿಡಿದಿಟ್ಟದ್ದೆಲ್ಲ ಕೈಜಾರಿತು. ಪರಮಶಿವಯ್ಯ ಹೇಳಿದ್ದು ನಿಜ, ಇವಳು ನನ್ನನ್ನು ಮುಗಿಸಲೆಂದೇ ಬಂದವಳು ಎಂದುಕೊಂಡೆ. ಅವಳಾದರೋ ಮೈ ತಿಕ್ಕುವಂತೆ ಚೀಲಗಳನ್ನು ತಿಕ್ಕಿ, ನೀರಲ್ಲಿ ಜಾಲಿಸಿ, ಬೆಳ್ಳಗೆ ಮಾಡಿ, ಮೊದಲಿದ್ದ ಕ್ರಮದಲ್ಲೇ ಕೂರಿಸಿದಳು. ಹಂಡೆಯ ನೀರನ್ನು ಎಂದಿನಂತೆ ಚರಂಡಿಗೆ ಚೆಲ್ಲಿದಳು. ನಾನು ಕಳೆದುಕೊಂಡದ್ದೆಲ್ಲ ಆ ಬಿಸಿ ಸೋಡಾದ ಜೊತೆ ನನ್ನ ಕಣ್ಣೆದುರೇ ಹರಿದು ಬಂದು ಚರಂಡಿಯ ತುದಿಯಲ್ಲಿ ಮಡುಗಟ್ಟಿತು. ಹಿಡಿಯಲು ಹೋದರೆ ಸೋಡಾ ಬಿಡಲೊಲ್ಲದು.

ಎಂಟು ಗಂಟೆಗೆ ಪರಮಶಿವಯ್ಯ ಶೀಶೆ ಹಿಡಿದರು. ನೀರು ಐದನೆಯ ನೀಲಿಗೆ ಹೋಯಿತು.

"ನೋಡಿದ್ರಾ ಮೇಡಂ? ನಾನು ಅವತ್ತೇ ಹೇಳಿದ್ದೆ."

ವಾರಿಜ ಚರಂಡಿಯ ಮೇಲುಗಡೆಯ ನೀರನ್ನೂ ಹಿಡಿದು ನೋಡಿದರು. ಅದು ನಾಲ್ಕನೆಯ ನೀಲಿ. ಹೋಗುವ ನೀರಿಗಿಂತ ಬರುವ ನೀರೇ ಶುದ್ಧ! ಹಾಗಾಗಲು ಸಾಧ್ಯವೇ ಇಲ್ಲ, ಯಾರೋ ಏನೋ ಸುರಿಯದ ಹೊರತು. ಅವರ ಕಣ್ಣು ಒಬ್ಬೊಬ್ಬರ ಮೇಲೂ ಹರಿಯಿತು.

"ಯಾರು ಮುಟ್ಟಿದ್ದು ಇದನ್ನ?"

ಹೊಂಬಾಳಮ್ಮ ಬಕೆಟ್ಟು ಎತ್ತಿಕೊಂಡು ಆ ಕಡೆ ತಿರುಗಿದಳು. ಮುಟ್ಟಬೇಡವೆಂದದ್ದನ್ನು ಮುಟ್ಟಿದ್ದಳು, ಹೇಳಲು ಬಾಯಿ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳಲ್ಲಿ ಬೇರೊಂದು ಸಂಶಯ ಬೇರು ಬಿಟ್ಟಿತ್ತು. ಅದನ್ನು ಅವಳು ಅಂದು ಮಧ್ಯಾಹ್ನ ರಂಗಸ್ವಾಮಿಗೆ ಹೇಳಿದಳು.

"ಅವರವರೇ ಮಾತಾಡ್ಕೊಂಡವ್ರೆ ಕಣೋ. ತುಕ್ಕು ತಂದು ನಮ್ ನೀರಿಗೆ ಹಾಕಿ, ನೀರು ಕೆಡ್ತು ಅಂತ ನಮ್ ಮೇಲೇ ಹೇಳದು. ಕೊಳೆ ಇದ್ದಾಗ ಬೈದ್ರು. ಬೆಳ್ಳಗೆ ಮಾಡಿದ್ರೆ ತಪ್ಪು ಅಂದ್ರು. ಏನರ್ಥ ಇದು?"

"ಹಂಗಾರೆ ಎತ್ತಿ ಕೆರೆಗೆ ಎಸೆಯಾನ ನಡಿ."

"ಎಸೆಯಕಾಯ್ತದಾ? ಇನ್ನೊಬ್ಬರ ಬಟ್ಟೆ." ಹಗ್ಗದ ಮೇಲಿನ ಹೊದಿಕೆ ಮಗುಚಿ ಹಾಕುತ್ತ ಹೇಳಿದಳು. "ಒಳಗೆ ಇನ್ನೂ ಕೊಳೆ ಉಳಕಂಡಿರಬೈದು. ಮುಂದಿನ ಸಲಕ್ಕೆ ಎರಡರಷ್ಟು ಸೋಡಾ ಹಾಕ್ತೀನಿ."

ಕೇಳಿ ನನ್ನ ಎದೆ ಒಡೆಯಿತು. ಇನ್ನುಳಿದದ್ದು ಒಂದೇ ಪರೀಕ್ಷೆ.

ವಾರಿಜ ಆ ದಿನ ನನ್ನ ಹನ್ನೆರಡು ಚೀಲದಲ್ಲಿ ಒಂದನ್ನು ಕಾಲೇಜಿಗೆ ತೆಗೆದುಕೊಂಡು ಹೋಗಿದ್ದರು. ನನ್ನನ್ನು ಪರೀಕ್ಷಿಸಿ ಬೆಚ್ಚಿದರು. ತಿಂಗಳು ಕಳೆದ ಮೇಲೆ ನಾನು ತುಂಬಿ ಬಳಲಿರಬೇಕಿತ್ತು. ಆದರೆ ನಿನ್ನೆ ಹುಟ್ಟಿದ ಹಾಗೆ ಖಾಲಿಯಾಗಿದ್ದೆ. ಸೋಪಿನ ನೀರು ಕೊಟ್ಟರೆ ಮತ್ತೆ ಗಬಗಬನೆ ಹಿಡಿದೆ. ಯಾರೋ ಪುಡಿಯನ್ನೇ ಬದಲಿಸಿದ್ದಾರೆಯೇ? ಬದಲಿಸಲು ಅಂಥ ಪುಡಿ ತಮ್ಮ ಬಳಿ ಬಿಟ್ಟರೆ ಇನ್ನೆಲ್ಲಿದೆ? ದಿನಗಟ್ಟಲೆ ಅವರು ಎಲ್ಲರ ಮೇಲೂ ಅನುಮಾನಪಟ್ಟರು. ಬೀಗದ ಕೈ ಇಟ್ಟುಕೊಳ್ಳುವ ಕಾಲೇಜಿನ ಜವಾನನನ್ನೂ ಬಿಡಲಿಲ್ಲ. ಕೊನೆಗೆ ತಮ್ಮ ಲೆಕ್ಕಾಚಾರವೇ ತಪ್ಪಿರಬಹುದೆಂದು ಕಾಗದ ಮುಂದಿಟ್ಟುಕೊಂಡು ತಲೆ ಹಿಡಿದು ಕೂತರು.

ಮೂರನೆಯ ಪರೀಕ್ಷೆಯ ಹಿಂದಿನ ಸಂಜೆ, ಮನೆಗೆ ಹೊರಡುವ ಮೊದಲು, ಖಾಲಿ ಚೀಲವನ್ನು ಮಡಿಸುತ್ತಿದ್ದರು. ಮೂಲೆಯಲ್ಲಿ ಕಪ್ಪು ಕಂಡಿತು. ಮೂರು ಚುಕ್ಕಿ, ಒಂದು ಗೀಟು. ಎಲ್ಲೋ ನೋಡಿದ ನೆನಪು. ಉಟ್ಟಿದ್ದ ಗಂಜಿ ಹಾಕಿದ ಸೀರೆಯ ಸೆರಗಿನ ಒಳತುದಿಯನ್ನು ತಿರುವಿ ನೋಡಿದರು. ಅಲ್ಲೂ ಮೂರು ಚುಕ್ಕಿ, ಒಂದು ಗೀಟು.

ಅವರು ತುಂಬ ಹೊತ್ತು ಎರಡನ್ನೂ ಒಂದರ ಪಕ್ಕ ಒಂದು ಹಿಡಿದುಕೊಂಡು ನಿಂತಿದ್ದರು. ಒಗೆಯುವ ಬಟ್ಟೆಗಲ್ಲದೆ ಅಗಸರು ಗುರುತು ಹಾಕುವುದಿಲ್ಲ ಎಂದು ಈ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ?

ಮರುದಿನ ನಸುಕಿನಲ್ಲಿ ಅವರು ನನ್ನ ಆ ಒಂದು ಪಾಲನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಘಾಟಿಗೆ ಬಂದಾಗ ಹಂಡೆಯಡಿ ಉರಿ ಹತ್ತಿತ್ತು. ಉಳಿದ ಹನ್ನೊಂದು ಚೀಲ ಹಂಡೆಯ ಪಕ್ಕದಲ್ಲಿದ್ದವು. ಹೊಂಬಾಳಮ್ಮ ಎರಡನೆಯ ಬೊಗಸೆ ಸೋಡಾ ಹಾಕುತ್ತಿದ್ದಳು. ವಾರಿಜರನ್ನು ಕಂಡು ಕೈ ಹಾಗೇ ನಿಂತಿತು.

"ಹೊಂಬಾಳಮ್ಮ, ಈ ಗುರುತು ಯಾರು ಹಾಕಿದ್ದು?"

ಅವಳು ಉರಿಯನ್ನು ನೋಡಿದಳು. "ನಾನೇ."

"ಇದು ನನ್ನ ಸೀರೆ ಮೇಲಿರೋ ಗುರುತು."

"ನಿಮ್ಮದೇಯ. ಎಂಟು ವರ್ಷದಿಂದ ಲಾಂಡ್ರಿಯೋನ ಗಂಟಲ್ಲಿ ನಿಮ್ ಸೀರೆ ಬತ್ತವೆ, ನಾನೇ ಒಗೆಯೋದು. ಮೊದಲ ದಿನ ಬಂದಾಗ್ಲೇ ಸೆರಗು ನೋಡಿ ಗುರುತು ಹಿಡಿದೆ. ಗುರುತಿಲ್ದೆ ಉಬ್ಬೆಗೆ ಹಾಕಿದ್ರೆ ಬಟ್ಟೆ ತಪ್ಪೋಯ್ತದೆ ಮೇಡಮ್ಮೋರೆ. ನಿಮ್ ಬಟ್ಟೆ ನಿಮಗೇ ಸೇರಬೇಕಲ್ಲ."

ವಾರಿಜ ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟರು. "ಪರೀಕ್ಷೆ ದಿನಾನೇ ಯಾಕಮ್ಮ ಒಗೆದ್ರಿ?"

"ಮನೆಗೆ ನೆಂಟರು ಬರೋ ದಿನಾನೇ ಅಲ್ವಾ ಮನೆ ಗುಡಿಸೋದು? ಆವಪ್ಪ ಶೂ ಕಾಲಲ್ಲಿ ತಿವಿದು, ಅಗಸರ ಘಾಟಲ್ಲಿ ಕೊಳಕು ಬಟ್ಟೆ ಅಂದ. ಅದ ಕೇಳ್ಕಂಡು ಹೆಂಗಿರಲಿ?" ಅವಳ ದನಿ ಗಟ್ಟಿಯಾಯಿತು. "ನೀವೂ ಅವನೂ ಸೇರಿ ನಮ್ ಘಾಟ್ ಮುಚ್ಚಕೆ ಈ ತುಕ್ಕು ತಂದಿದೀರಿ ಅಂದ್ಕಂಡೆ. ಸುಳ್ಳಾಡಲ್ಲ."

"ನೀವೆಲ್ಲ ಸೇರಿ ನನ್ನ ಕೆಲಸ ಕೆಡಿಸಿದ್ರಿ ಅಂತ ನಾನಂದ್ಕೊಂಡೆ. ನಾನೂ ಸುಳ್ಳು ಹೇಳಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಹೊಂಬಾಳಮ್ಮ.

ಆಮೇಲೆ ವಾರಿಜ ಮೊದಲ ದಿನವೇ ಹೇಳಬೇಕಿದ್ದುದನ್ನು ಹೇಳಿದರು. ಈ ಪುಡಿ ಫಾಸ್ಫೇಟನ್ನು ಹಿಡಿಯುತ್ತದೆ, ಬಿಸಿ ಸೋಡಾ ಅದನ್ನು ಬಿಡಿಸುತ್ತದೆ. ಬಿಡಿಸಿದ ಮೇಲೆ ಪುಡಿ ಮತ್ತೆ ಹೊಸದು. ಪ್ರಯೋಗಾಲಯದಲ್ಲಿ ಆ ಕೆಲಸಕ್ಕೆ ತಾವು ಕೈಗವಸು ಹಾಕಿಕೊಂಡು ಮೂರು ದಿನ ಒದ್ದಾಡುವುದನ್ನು ಇವಳು ಒಂದು ಬೆಳಿಗ್ಗೆ ಉಬ್ಬೆಯಲ್ಲಿ ಮುಗಿಸಿದ್ದಾಳೆ. "ನೀವು ಒಗೆದಿದ್ದು ತಪ್ಪಲ್ಲ. ಒಗೆದ ನೀರನ್ನ ಚರಂಡಿಗೆ ಚೆಲ್ಲಿದ್ದು ತಪ್ಪಾಯ್ತು. ಹಿಡಿದಿಟ್ಟಿದ್ದೆಲ್ಲ ಅದರ ಜೊತೆ ಹೋಯ್ತು."

"ಅಷ್ಟೇನಾ?" ಹೊಂಬಾಳಮ್ಮ ಎದ್ದಳು. "ಹಂಗಾರೆ ಆ ನೀರನ್ನ ಬೇರೆ ಬಾನೀಲಿ ಹಿಡಿಯಾನ. ಸುಣ್ಣ ಕದಡಿದ್ರೆ ಉಬ್ಬೆ ನೀರು ತಿಳಿಯಾಯ್ತದೆ. ನಮ್ಮತ್ತೆ ಹಂಗೇ ಮಾಡೋಳು, ಅದೇ ನೀರ್ನ ಇನ್ನೊಂದು ಉಬ್ಬೆಗೆ ಹಾಕೋಳು."

ಸುಣ್ಣಕ್ಕೂ ಫಾಸ್ಫೇಟಿಗೂ ಇರುವ ನಂಟು ವಾರಿಜರ ಪುಸ್ತಕದಲ್ಲಿತ್ತು. ಹೊಂಬಾಳಮ್ಮನ ಅತ್ತೆಯ ಕೈಯಲ್ಲಿ ಅದು ಪುಸ್ತಕಕ್ಕಿಂತ ಮೊದಲೇ ಇತ್ತು.

ಆ ಬೆಳಿಗ್ಗೆ ನಾನು ಎರಡನೆಯ ಸಲ ಉಬ್ಬೆಗೆ ಇಳಿದೆ. ಈ ಸಲ ಹಿಡಿ ಸಡಿಲಿಸಲು ಹೆದರಲಿಲ್ಲವೆಂದರೆ ಸುಳ್ಳಾದೀತು. ಆದರೆ ನನ್ನಿಂದ ಬಿಟ್ಟುಹೋದದ್ದು ಬಾನಿಯಲ್ಲಿ ಸುಣ್ಣದೊಡನೆ ಸೇರಿ, ಬಿಳಿ ಗಸಿಯಾಗಿ ಮೆಲ್ಲಗೆ ತಳಕ್ಕಿಳಿಯಿತು. ಚರಂಡಿಗೆ ಒಂದು ಹನಿಯೂ ಬೀಳಲಿಲ್ಲ. ನನ್ನನ್ನು ಚೆನ್ನಾಗಿ ಜಾಲಿಸಿ, ಹನ್ನೆರಡು ಚೀಲವನ್ನೂ ಸಾಲಾಗಿ ಕೂರಿಸಿ, ಹೊಂಬಾಳಮ್ಮ ತನ್ನ ಕಲ್ಲಿನ ಹತ್ತಿರ ಹೋದಳು. ಅದರ ಮೇಲೆ ಒಂದು ಸಲ ಅಂಗೈ ಇಟ್ಟಳು.

ಎಂಟಕ್ಕೆ ಪರಮಶಿವಯ್ಯ ಶೀಶೆ ಎತ್ತಿ ಹಿಡಿದರು. ನೀಲಿ ಬರಲೇ ಇಲ್ಲ. ಅವರು ಶೀಶೆ ಅಲ್ಲಾಡಿಸಿದರು. ಮದ್ದಿನ ಬಾಟಲಿಯ ತಾರೀಕು ಓದಿದರು.

"ಬೋರಿನ ನೀರು ಬಿಟ್ಟಿದೀರಾ? ನನಗೆ ನಂಬಿಕೆ ಇಲ್ಲ. ಒಗೆತ ಜೋರಾಗ್ಲಿ, ಮತ್ತೆ ಹಿಡೀತೀನಿ."

ಮಧ್ಯಾಹ್ನದವರೆಗೆ ಕಲ್ಲಿನ ಮೇಲೆ ಕೂತೇ ಇದ್ದರು. ಹದಿಮೂರು ಮನೆಯವರೂ ಅಂದು ಒಗೆದದ್ದೇ ಒಗೆದದ್ದು. ನೊರೆ ಚರಂಡಿ ತುಂಬಿ ನನ್ನ ಮೇಲೆ ಹರಿಯಿತು. ಇದ್ದ ಅಂಗೈಯನ್ನೆಲ್ಲ ಚಾಚಿದೆ.

"ಸ್ವಾಮೀ, ಹೆಂಗೂ ಕೂತಿದೀರಿ, ಆ ಶರಟಾದ್ರೂ ಬಿಚ್ಚಿ ಕೊಡಿ" ಎಂದ ರಂಗಸ್ವಾಮಿ. "ಕಾಲರ್ ನೋಡಕಾಯ್ತಿಲ್ಲ. ಅಗಸರ ಘಾಟಲ್ಲಿ ಕೊಳಕು ಬಟ್ಟೆ ಇರಬಾರದು, ನೀವೇ ಅಂದಿದ್ದು."

ಅವರು ಮುಖ ಸಿಂಡರಿಸಿ ಎದ್ದು ಇನ್ನೊಂದು ಶೀಶೆ ಹಿಡಿದರು. ಮೊದಲನೆಯ ನೀಲಿ. ಮತ್ತೂ ಒಂದು. ಮೊದಲನೆಯ ನೀಲಿ. ಬರೆದುಕೊಂಡರು. ಘಾಟಿಗೆ ಬೀಗ ಬೀಳಲಿಲ್ಲ.

ಆದರೂ ಕೆರೆ ಹಸಿರಾಗಿಯೇ ಇತ್ತು. ಅದರ ಕಾರಣದ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಕೆರೆಯ ಕಡೆಯಿಂದ ಹಿಂದಕ್ಕೆ ಬರುತ್ತಿದ್ದ ನೀರಿನ ರುಚಿ ಸೋಪಿನದಷ್ಟೇ ಆಗಿರಲಿಲ್ಲ. ಒಂದು ದಿನ ವಾರಿಜ ನನ್ನ ಒಂದು ಚೀಲವನ್ನು ಹೊಸ ಬಡಾವಣೆಯ ಹಿಂದಿನಿಂದ ಕೆರೆಗೆ ಬೀಳುವ ಕೊಳಚೆ ಮೋರಿಯಲ್ಲಿಟ್ಟರು. ಘಾಟಿನಲ್ಲಿ ತಿಂಗಳಿಗೆ ತುಂಬುವ ಚೀಲ ಅಲ್ಲಿ ಎರಡೇ ದಿನಕ್ಕೆ ತುಂಬಿ ಕೈಚೆಲ್ಲಿತು. ಪರಮಶಿವಯ್ಯನವರಿಗೆ ತೋರಿಸಿದರು. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಬರೆದರೋ ಇಲ್ಲವೋ ನಾನಿದ್ದ ಜಾಗದಿಂದ ಕಾಣಲಿಲ್ಲ. ಅರ್ಜಿ ಬರೆದವರು ಈಗಲೂ ಅದೇ ಮೋರಿಯ ಪಕ್ಕದ ಹಾದಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುತ್ತಾರೆ.

ಎರಡು ವರ್ಷ ಹೀಗೆ ನಡೆಯಿತು. ತಿಂಗಳಿಗೊಮ್ಮೆ ಉಬ್ಬೆ, ಬಾನಿಯ ತಳದಲ್ಲಿ ಬಿಳಿ ಗಸಿ, ಅದು ಒಣಗಿ ಘಾಟಿನ ಹೂಗಿಡಗಳಿಗೆ. ಉಬ್ಬೆಯಿಂದ ಉಬ್ಬೆಗೆ ನನ್ನ ಇಟ್ಟಿಗೆ ಸವೆಯಿತು, ನನ್ನ ಹಿಡಿತವೂ ಸವೆಯಿತು. ಹೊಸ ಚೀಲಗಳು ಬಂದ ದಿನ ಹೊಂಬಾಳಮ್ಮ ನನ್ನನ್ನು ಬಿಚ್ಚಿ, ಎಣ್ಣೆ ಡಬ್ಬದಲ್ಲಿ ನೆಟ್ಟಿದ್ದ ಕರಿಬೇವಿನ ಬುಡಕ್ಕೆ ಸುರಿದಳು. ಖಾಲಿ ಚೀಲಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಹನ್ನೆರಡನ್ನೂ ಮಡಿಸಿ ವಾರಿಜರಿಗೆ ಕಳಿಸಿದಳು. ಗುರುತು ಬಿದ್ದ ಬಟ್ಟೆ ಒಡೆಯರಿಗೆ ಸೇರಲೇಬೇಕಲ್ಲ.

ಈಗ ನಾನು ಮಣ್ಣಿನಲ್ಲಿದ್ದೇನೆ. ಡಬ್ಬದ ತೂತಿನಿಂದ ಅವಳ ಕಲ್ಲಿನ ಒಂದು ಮೂಲೆ ಕಾಣುತ್ತದೆ, ಬಡಿತ ಕೇಳಿಸುತ್ತದೆ. ಬಿಗಿಯಾಗಿ ಹಿಡಿಯುವುದೇ ನನ್ನ ಕಸುಬು ಎಂದುಕೊಂಡಿದ್ದೆ. ಬಿಡಿಸುವ ಕೈಯೊಂದು ಇರದಿದ್ದರೆ ನನ್ನ ಕಸುಬು ತಿಂಗಳೊಪ್ಪತ್ತಿನದಾಗಿರುತ್ತಿತ್ತು ಎಂದು ಈಗ ತಿಳಿದಿದೆ.

ಮೊನ್ನೆ ಒಂದು ಎಳೆಯ ಬೇರು ಬಂದು ನನ್ನ ಮೈ ಸವರಿತು. ನನ್ನ ಕೊನೆಯ ಒಂದಿಷ್ಟು ಫಾಸ್ಫೇಟನ್ನು ಕೇಳುತ್ತಿತ್ತು. ಹಳೆಯ ಅಭ್ಯಾಸ, ಮೊದಲು ಅದರ ಮೇಲೂ ಅನುಮಾನಪಟ್ಟೆ. ಆಮೇಲೆ ಒಂದು ಬೆರಳು ಸಡಿಲಿಸಿದೆ.